ಬೋಟಿ ತೊಳೆಯುವಾಗ ಕಂಡದ್ದು

ಕುರಿ ಕುಯ್ಯುವುದು ಗಂಡಸರ ಕೆಲಸ, ಬೋಟಿ ತೊಳೆಯುವುದು ಹೆಂಗಸರ ಕೆಲಸ. ನಮ್ಮ ಹಿರಿಯೂರು–ಶಿರಾ ಸೀಮೆಯಲ್ಲಿ ಇದು ಹೀಗೇ ನಡೆದುಕೊಂಡು ಬಂದಿದೆ. ಚರ್ಮ ಸುಲಿದು, ಬಾಡು ಗುಡ್ಡೆ ಹಾಕಿ, ಹಂಚಿ, ಕೈ ತೊಳೆದುಕೊಂಡರೆ ನಮ್ಮ ಕೆಲಸ ಮುಗಿಯಿತು. ಆಮೇಲೆ ಎಲೆ ಅಡಿಕೆ, ಕಟ್ಟೆ ಮೇಲೆ ಮಾತು. ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಗಂಟೆ ಹೊತ್ತು ಬೋಟಿ ಉಜ್ಜುವವರು ಏನು ಮಾಡ್ತಾರೆ, ಏನು ನೋಡ್ತಾರೆ ಅಂತ ನಾನು ಐವತ್ತು ದಾಟುವವರೆಗೆ ಬಗ್ಗಿ ನೋಡಿದವನಲ್ಲ.

ನಾನು ಏಳನೇ ಕ್ಲಾಸು ಓದಿದವನು. ಅಣ್ಣ ನಾನು ಒಟ್ಟಿಗೇ ಇದ್ದೇವೆ. ಐದು ಎಕರೆ ಖುಷ್ಕಿ ಜಮೀನು. ಮಳೆ ಬಂದರೆ ಕಡ್ಲೆಕಾಯಿ, ರಾಗಿ, ರಾಗಿ ನಡುವೆ ಅಕ್ಕಡಿ ಸಾಲಿಗೆ ತೊಗರಿ, ಅವರೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ. ಮೂವತ್ತು ಮೂವತ್ತೈದು ಕುರಿ, ನಾಲ್ಕೈದು ಮೇಕೆ, ರೊಪ್ಪ ಕಾಯಲು ಒಂದು ನಾಯಿ.

2019ರ ಯುಗಾದಿಗೆ ಮುಂಚೆ ನನ್ನ ಹೆಂಡತಿ ಹುಲ್ಲಿನ ಹೊರೆ ಇಳಿಸುವಾಗ ಬಿದ್ದು ಬಲಗೈ ಮುರಿದುಕೊಂಡಳು. ಹೊಸತೊಡಕಿನ ದಿನ ಕೈಗೆ ಪಟ್ಟಿ. ಅತ್ತಿಗೆಗೆ ಮೈ ಸರಿಯಿರಲಿಲ್ಲ, ಒಲೆ ಮುಂದೆ ಕೂರುವುದೇ ಕಷ್ಟವಾಗಿತ್ತು. ಬೋಟಿ ಹಾಗೇ ಬಿಟ್ಟರೆ ಬಿಸಿಲಿಗೆ ಮಧ್ಯಾಹ್ನದೊಳಗೆ ನಾರುತ್ತೆ. "ನೀವೇ ಕೂತ್ಕಳಿ, ನಾ ಹೇಳ್ತೀನಿ" ಅಂದಳು. ಅವಳು ಕಲ್ಲಿನ ಮೇಲೆ, ನಾನು ನೆಲದ ಮೇಲೆ. ಅವತ್ತು ಕಲಿತದ್ದನ್ನೂ, ಆ ಮೇಲೆ ಕಲಿಯಬೇಕಾಗಿ ಬಂದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕುರಿ ಇದ್ದವರು, ಹಬ್ಬಕ್ಕೆ ಕುಯ್ಯುವವರು ಓದಿ. ಬಾಡು ತಿನ್ನದವರ ಮನೆಯಲ್ಲೂ ನಾಯಿ ಇದ್ದರೆ ಕೊನೆಯ ಭಾಗವನ್ನಾದರೂ ಓದಿ.

ಕುಯ್ಯುವ ಮೊದಲು

ಮಾರನೇ ದಿನ ಕುಯ್ಯುವ ಕುರಿಗೆ ಹಿಂದಿನ ಸಂಜೆಯಿಂದ ಮೇವು ಹಾಕಬಾರದು, ನೀರು ಮಾತ್ರ ಇಡಬೇಕು. ಹೊಟ್ಟೆಯಲ್ಲಿ ಮೇವು ಕಡಿಮೆ ಇದ್ದಷ್ಟೂ ಬೋಟಿ ತೊಳೆಯುವ ಕೆಲಸ, ನೀರು ಎರಡೂ ಉಳಿಯುತ್ತವೆ. ಜಂತುಹುಳದ ಔಷಧಿ ಕುಡಿಸಿದ ಕುರಿಯನ್ನು ಡಾಕ್ಟರು ಹೇಳಿದಷ್ಟು ದಿನ ಕಳೆಯದೆ ಕುಯ್ಯಬಾರದು. ಔಷಧಿ ಹೆಚ್ಚು ಹೊತ್ತು ಉಳಿಯುವುದು ಈಲಿಯಲ್ಲೇ.

ಇನ್ನೊಂದು ಮಾತು. ಸಾಯಂಕಾಲ ಚೆನ್ನಾಗಿ ಮೇಯ್ದ ಕುರಿ ಬೆಳಗಾಗುವುದರಲ್ಲಿ ಸತ್ತಿದ್ದು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದಕ್ಕೆ ಕತ್ತಿ ತಾಗಿಸಲೇಬೇಡಿ. ನೆರಡಿ ರೋಗ ಇರಬಹುದು. ಕುಯ್ದವರಿಗೂ ಅದು ಅಂಟುತ್ತದೆ, ರಕ್ತ ಬಿದ್ದ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. "ಸತ್ತಿದ್ದು ಸತ್ತೋಯ್ತು, ಬಾಡಾದ್ರೂ ಉಳೀಲಿ" ಅಂತ ಕುಯ್ಯುವ ಬಡತನ ನಮ್ಮದು, ನನಗೆ ಗೊತ್ತು. ಆದರೂ ಕುಯ್ಯಬೇಡಿ. ದನದ ಆಸ್ಪತ್ರೆಗೆ ಹೇಳಿ ಕಳಿಸಿ, ಆರಡಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ.

ಚೀಲ ಮತ್ತು ಕರುಳು

ಹೊಟ್ಟೆ ಸೀಳುವಾಗ ಅನ್ನನಾಳಕ್ಕೂ, ಗುದದ ಕಡೆಯ ಕರುಳಿಗೂ ದಾರದಿಂದ ಒಂದೊಂದು ಗಂಟು ಹಾಕಿ. ನಾವು ಗಂಡಸರು ಮಾಡದೇ ಬಿಡುವ ಕೆಲಸ ಇದು. ಗಂಟು ಇಲ್ಲದಿದ್ದರೆ ಮೇವು, ಹಿಕ್ಕೆ ಬಾಡಿನ ಮೇಲೆ ಚೆಲ್ಲುತ್ತದೆ, ಆಮೇಲೆ ಎಷ್ಟು ತೊಳೆದರೂ ವಾಸನೆ ಹೋಗಲ್ಲ.

ಮೊದಲು ಈಲಿ, ಗುಂಡಿಗೆ, ಶ್ವಾಸಕೋಶ ತೆಗೆದು ಬೇರೆ ಪಾತ್ರೆಗೆ ಹಾಕಿ. ಹೊಟ್ಟೆಗೆ ಕೈ ಹಾಕಿದ ಮೇಲೆ ಅದೇ ಕೈಯಲ್ಲಿ ಈಲಿ ಮುಟ್ಟಬಾರದು. ಈಲಿಗೆ ಅಂಟಿದ ಹಸಿರು ಪಿತ್ತದ ಚೀಲವನ್ನು ಕೀಳಲು ಹೋಗಬೇಡಿ. ಒಂದು ಬೆರಳಗಲ ಈಲಿಯನ್ನೂ ಸೇರಿಸಿಯೇ ಕತ್ತರಿಸಿ ತೆಗೆಯಿರಿ. ಒಡೆದರೆ ಕೂಡಲೇ ನೀರು ಸುರಿದು, ಹಸಿರು ಹತ್ತಿದ ಭಾಗ ಕೊಯ್ದು ತೆಗೆಯಿರಿ. ಒಂದು ತೊಟ್ಟು ಸಾಕು, ಇಡೀ ಸಾರು ಕಹಿ. ಶ್ವಾಸಕೋಶಕ್ಕೆ ಗಂಟಲ ಕೊಳವೆಯಿಂದ ಚೊಂಬಿನಲ್ಲಿ ನೀರು ಹೊಯ್ದು ಹಿಂಡಬೇಕು. ಮೂರ್ನಾಲ್ಕು ಸಲ ಹಿಂಡಿದರೆ ನೊರೆ, ರಕ್ತ ಹೋಗಿ ಬಿಳಚಿಕೊಳ್ಳುತ್ತದೆ.

ಕುರಿ, ಮೇಕೆಗೆ ಹೊಟ್ಟೆ ಅಂದರೆ ನಾಲ್ಕು ಚೀಲ. ಮೊದಲನೆಯದು ಮೇವು ತುಂಬಿಕೊಳ್ಳುವ ದೊಡ್ಡ ಚೀಲ, ಒಳಗೆ ಟವೆಲಿನ ಹಾಗೆ ಜುಂಗು. ಎರಡನೆಯದು ಜೇನುಹುಟ್ಟಿನ ಹಾಗೆ ಕಣ್ಣು ಕಣ್ಣು. ಮೂರನೆಯದರಲ್ಲಿ ಹಾಳೆ ಹಾಳೆ, ನನ್ನ ಹೆಂಡತಿ ಅದನ್ನು ಪುಸ್ತಕ ಅಂತಾಳೆ. ನಾಲ್ಕನೆಯದು ಉದ್ದಕ್ಕೆ, ನಯವಾಗಿ, ಮಡಿಕೆ ಮಡಿಕೆಯಾಗಿರುತ್ತದೆ. ನಮ್ಮ ಹೊಟ್ಟೆಯ ಹಾಗೆ ಅರಗಿಸುವುದು ಅದೇ. ಈ ನಾಲ್ಕನೆಯದನ್ನು ನೆನಪಿಟ್ಟುಕೊಳ್ಳಿ, ಅದರ ವಿಷಯ ಆಮೇಲೆ ಬರುತ್ತದೆ.

ನೀರು ಮುಟ್ಟಿಸುವ ಮೊದಲು ಚೀಲ ಸೀಳಿ, ತಿಪ್ಪೆಗುಂಡಿಯ ಹತ್ತಿರ ಕೊಡವಿ, ಮೇವೆಲ್ಲ ಒಣದಾಗಿಯೇ ಉದುರಿಸಿ. ಮೊದಲೇ ನೀರು ಹೊಯ್ದರೆ ಎಂಟು ಕೊಡ ಸಾಲದು. ನಮ್ಮೂರಿಗೆ ಕೊಳವೆ ಬಾವಿ ನೀರು ವಾರಕ್ಕೆ ಎರಡು ಸಲ, ಹಾಗಾಗಿ ನಾನು ಕೊಡ ಎಣಿಸುತ್ತೇನೆ. ಒಣದಾಗಿ ಕೊಡವಿದರೆ ತಲೆ, ಕಾಲು, ಬೋಟಿ ಎಲ್ಲಾ ಸೇರಿ ನಾಲ್ಕು ಕೊಡದಲ್ಲಿ ಮುಗಿಯುತ್ತೆ. ಕರುಳಿನ ಕೊನೇ ನೀರು ಇನ್ನೂ ತಿಳಿಯಾಗಿರುತ್ತೆ, ಅದೇ ದೊಡ್ಡ ಚೀಲದ ಮೊದಲ ನೀರು. ಉದುರಿಸಿದ ಮೇವು ಒಳ್ಳೇ ಗೊಬ್ಬರ. ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯಿರಿ.

ದೊಡ್ಡ ಚೀಲದ ಒಳಗಿನ ಕರೀ ಪೊರೆ ಕೀಳುವುದೇ ನಿಜವಾದ ಕೆಲಸ. ನಾನು ಅವತ್ತು ಕುದಿಯುವ ನೀರಿಗೇ ಅದ್ದಲು ಹೋದೆ. "ಅಯ್ಯೋ, ಬೆಂದೋಗುತ್ತೆ ತೆಗೀರಿ!" ಅಂದಳು. ಕುದಿನೀರಿಗೆ ಹಾಕಿದರೆ ಪೊರೆ ಬೆಂದು ಮಾಂಸಕ್ಕೇ ಕಚ್ಚಿಕೊಳ್ಳುತ್ತದೆ, ಆಮೇಲೆ ಯಾವ ಚಾಕುವಿಗೂ ಬರುವುದಿಲ್ಲ. ಎರಡು ಚೊಂಬು ಕುದಿನೀರಿಗೆ ಒಂದು ಚೊಂಬು ತಣ್ಣೀರು ಬೆರೆಸಿ. ಬೆರಳು ಅದ್ದಿದರೆ ತಟ್ಟನೆ ಹಿಂದಕ್ಕೆ ಎಳೆದುಕೊಳ್ಳಬೇಕು, ಆದರೆ ಬೊಬ್ಬೆ ಏಳಬಾರದು. ಆ ಹದ. ಅದಕ್ಕೆ ಎಲೆ ಅಡಿಕೆಗೆ ಹಾಕುವ ಸುಣ್ಣ, ಅಡಿಕೆ ಗಾತ್ರದ್ದು ಕಲಸಿ, ಚೀಲ ಅದ್ದಿ, ಎರಡು ಮೂರು ನಿಮಿಷ ತಿರುವುತ್ತಿರಿ. ಒಂದು ಮೂಲೆಯನ್ನು ಉಗುರಿನಿಂದ ಕೆರೆದು ನೋಡಿ. ಪೊರೆ ಜಾರಿತೆಂದರೆ ಹೊರಗೆ ತೆಗೆದು ಕಲ್ಲಿನ ಮೇಲೆ ಹಾಸಿ, ಚಮಚದಿಂದಲೋ ಮೊಂಡು ಚಾಕುವಿನಿಂದಲೋ ಕೆರೆಯಿರಿ. ಕರೀ ಕಂಬಳಿ ಬಿಚ್ಚಿದ ಹಾಗೆ ಬಿಳಿ ಕಾಣುತ್ತದೆ. ಕೈಯಲ್ಲಿ ಗಾಯ ಇದ್ದವರು ಸುಣ್ಣದ ನೀರಿಗೆ ಕೈ ಹಾಕಬೇಡಿ. ಕೊನೆಗೆ ಹುಣಸೆ ನೀರು ಹಾಕಿ ಉಜ್ಜಿದರೆ ಸುಣ್ಣದ ಜಾರಿಕೆ ಹೋಗುತ್ತದೆ. ಪುಸ್ತಕದ ಹಾಳೆಗಳನ್ನು ಒಂದೊಂದೇ ಬಿಡಿಸಿ ತೊಳೆಯಬೇಕು. ಅವಸರ ಇದ್ದವರು ಅದನ್ನು ಬಿಸಾಕುವುದೇ ಮೇಲು, ಅರೆಬರೆ ತೊಳೆದರೆ ಹಲ್ಲಿಗೆ ಮರಳು ಸಿಗುತ್ತೆ.

ಸಣ್ಣ ಕರುಳನ್ನು ಮಾರು ಹಾಕಿ ಅಳೆದೆ. ಹದಿಮೂರು ಮಾರಿನ ಮೇಲೆ ಬಂತು. ಇಷ್ಟು ಉದ್ದದ್ದನ್ನು ಒಳಮೇಲು ಮಾಡುವುದು ಹೇಗೆ ಅಂತ ನನಗೆ ದಿಗಿಲು. ಮೊದಲು ಬೆರಳಿನಿಂದ ಹಿಂಡಿ ಒಳಗಿನದನ್ನು ಇಳಿಸಿ, ಮೂರು ಮೂರು ಅಡಿ ತುಂಡು ಮಾಡಿ. ಒಂದು ತುಂಡಿನ ಬಾಯಿಯನ್ನು ಅಂಗಿ ತೋಳು ಮಡಿಸಿದ ಹಾಗೆ ಒಂದಂಗುಲ ಹೊರಕ್ಕೆ ಮಡಿಸಿ, ಆ ಮಡಿಕೆಯೊಳಗೆ ಸಣ್ಣಗೆ ನೀರು ಬಿಡಿ. ನೀರಿನ ಭಾರಕ್ಕೆ ಕರುಳು ತಾನೇ ಒಳಮೇಲಾಗುತ್ತಾ ಇಳಿಯುತ್ತದೆ. ನೋಡಲು ಮಜಾ. ಸಿಕ್ಕಿಹಾಕಿಕೊಂಡರೆ ಮಾತ್ರ ನಯವಾದ ಬಿದಿರು ಕಡ್ಡಿಯಿಂದ ತಳ್ಳಿ. ಆಮೇಲೆ ಕಲ್ಲುಪ್ಪು, ಅರಿಸಿನ ಹಾಕಿ ಬಟ್ಟೆ ಉಜ್ಜಿದ ಹಾಗೆ ಉಜ್ಜಿ ಮೂರು ಸಲ ತೊಳೆದರೆ ಲೋಳೆ ಬಿಡುತ್ತದೆ.

ತಲೆ ಕಾಲಿನ ವಿಷಯ ಎಲ್ಲರಿಗೂ ಗೊತ್ತು. ಸೌದೆ ಬೆಂಕಿಯಲ್ಲಿ ಸುಟ್ಟು, ಕೆರೆದು, ಅರಿಸಿನ ಹಚ್ಚಿ ತೊಳೆಯುವುದು. ಬಿಸಿ ಇರುವಾಗಲೇ ಕಲ್ಲಿಗೆ ಬಡಿದರೆ ಗೊರಸು ಕಳಚುತ್ತದೆ. ಹಳೇ ಟೈರು ಹಾಕಿ ಮಾತ್ರ ಸುಡಬೇಡಿ, ಆ ಹೊಗೆ ವಿಷ. ತಲೆ ಒಡೆದಾಗ ಮೂಗಿನ ಸಂದಿ, ಕೊಂಬಿನ ಬುಡದಲ್ಲಿ ಬಿಳೀ ದಪ್ಪ ಹುಳ ಕಾಣಬಹುದು. ನೊಣವೊಂದು ಕುರಿಯ ಮೂಗಿನಲ್ಲಿ ಬಿಟ್ಟುಹೋಗುವ ಮರಿಗಳವು. ಕುರಿ ಸುಮ್ಮಸುಮ್ಮನೆ ಸೀನುವುದು, ಮೂಗು ನೆಲಕ್ಕೆ ಒತ್ತುವುದು ಅದಕ್ಕೇ.

ಬೇಯಿಸುವುದು ಹೀಗೆ. ಬೋಟಿಯನ್ನು ಈಳಿಗೆಮಣೆಯಲ್ಲಿ ಸಣ್ಣಗೆ ಹೆಚ್ಚಿ, ಉಪ್ಪು ಅರಿಸಿನ ಹಾಕಿ ಒಂದು ಕುದಿ ಕುದಿಸಿ, ಆ ನೀರು ಚೆಲ್ಲಿ. ಆಮೇಲೆ ನೆನೆಸಿದ ಕಡ್ಲೆಕಾಳಿನ ಜೊತೆ ಕುಕ್ಕರಿಗೆ ಹಾಕಿ ಆರೇಳು ಕೂಗು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ದನಿಯ, ಒಣಮೆಣಸಿನಕಾಯಿ, ಚಕ್ಕೆ ಲವಂಗ, ಕಾಯಿ ರುಬ್ಬಿ ಹಾಕಿ ಕುದಿಸಿದರೆ ಆಯಿತು. ಅವರೆಕಾಲದಲ್ಲಿ ಹಿತಕಿದ ಬೇಳೆ ಹಾಕಿದರೆ ಇನ್ನೂ ರುಚಿ. ಮುದ್ದೆಗೆ ಇದಕ್ಕಿಂತ ಬೇರೆ ಬೇಡ. ಈಲಿಗೆ ಮಾತ್ರ ಉಪ್ಪು ಕೊನೆಗೆ. ಮೊದಲೇ ಹಾಕಿದರೆ ಗಟ್ಟಿಯಾಗುತ್ತೆ ಅನ್ನುವುದು ನಮ್ಮ ಮನೆಯ ಅನುಭವ.

ಹುಳದ ಲೆಕ್ಕ

ಈಗ ನಾಲ್ಕನೇ ಚೀಲಕ್ಕೆ ಬರೋಣ. ಸೀಳಿ ಹಾಸಿದಾಗ ಒಳಗಿನ ಲೋಳೆಯಲ್ಲಿ ಕೆಂಪು ದಾರದ ಚೂರುಗಳು ಹರಿದಾಡಿದ ಹಾಗೆ ಕಂಡಿತು. ಬೆರಳಿಗೆ ಹತ್ತಿಸಿಕೊಂಡು ನೋಡಿದೆ. ಕೂದಲಿಗಿಂತ ಒಂದಿಷ್ಟು ದಪ್ಪ, ಒಂದಂಗುಲಕ್ಕೆ ಕಡಿಮೆ ಉದ್ದ, ಕೆಂಪು ಬಿಳಿ ದಾರ ಹೊಸೆದ ಹಾಗೆ.

"ಇದೇನೇ ಇದು?"

"ದಾರದ ಹುಳ. ಯಾವಾಗ್ಲೂ ಇರ್ತಾವೆ. ಮಳೆಗಾಲದಾಗೆ ಜಾಸ್ತಿ. ಹೋದ್ವರ್ಷ ಗದ್ದ ಊದಿದ್ ಕುರಿ ಕುಯ್ದ್ರಲ್ಲ, ಅದ್ರಾಗೆ ಕೂದ್ಲು ಗಂಟಿನಂಗಿದ್ವು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ಹೊಟ್ಟೆ ಹುಳ ಯಾವ ಕುರಿಗಿರಲ್ಲ ಅಂದ್ರಿ."

ಅಂದಿರಬೇಕು. ನನಗೆ ನೆನಪಿಲ್ಲ, ಅವಳಿಗಿದೆ.

ಆ ವರ್ಷ ಗದ್ದದ ಕೆಳಗೆ ನೀರು ತುಂಬಿ, ಬಡಕಲಾಗಿ ಆರು ಕುರಿ ಸತ್ತಿದ್ದವು. ನಾನು ಮೇವಿನ ಕೊರತೆ ಅಂದುಕೊಂಡು ಹಿಂಡಿ ತಂದು ಹಾಕಿದ್ದೆ. ಅಂಗಡಿಯವನು ಕೊಟ್ಟ ಯಾವುದೋ ಜಂತಿನ ಔಷಧಿಯನ್ನು ಅಂದಾಜಿನ ಮೇಲೆ ಕುಡಿಸಿದ್ದೆ. ಕಾರಣ ಹಿತ್ತಲಲ್ಲೇ ತೊಳೆದು ಹೋಗುತ್ತಿತ್ತು, ನೋಡಿದವಳು ಹೇಳಿಯೂ ಇದ್ದಳು.

ಆ ದಾರದ ಹುಳ ರಕ್ತ ಹೀರುವಂಥದ್ದು. ಪಶುವೈದ್ಯರು ಆಮೇಲೆ ತೋರಿಸಿಕೊಟ್ಟರು: ಕುರಿಯ ಕೆಳರೆಪ್ಪೆ ಬಗ್ಗಿಸಿ ನೋಡಿದರೆ ಒಳಗೆ ಕೆಂಪಗಿರಬೇಕು. ಬಿಳಚಿಕೊಂಡಿದ್ದರೆ ರಕ್ತ ಹೋಗುತ್ತಿದೆ ಅಂತ. ಹಾಗೆ ನೋಡಿ ಬೇಕಾದ ಕುರಿಗೆ, ತೂಕ ನೋಡಿ ಔಷಧಿ ಹಾಕಬೇಕು. ಅಂದಾಜಿನಲ್ಲಿ ಕಡಿಮೆ ಕುಡಿಸಿದರೆ, ವರ್ಷಾನುಗಟ್ಟಲೆ ಒಂದೇ ಔಷಧಿ ಕುಡಿಸಿದರೆ ಹುಳ ಅದಕ್ಕೆ ಬಗ್ಗುವುದಿಲ್ಲ. ನನ್ನ ದುಡ್ಡು ಹೋದದ್ದೇ ಹಾಗೆ.

ಉಳಿದವು ಇವು. ದೊಡ್ಡ ಚೀಲದ ಗೋಡೆಗೆ ದಾಳಿಂಬೆ ಬೀಜದ ಹಾಗೆ ಕೆಂಪಗೆ ಕಚ್ಚಿಕೊಂಡಿದ್ದರೆ, ಅಥವಾ ಈಲಿ ಕೊಯ್ದಾಗ ಕೊಳವೆಗಳಿಂದ ಚಪ್ಪಟೆ ಎಲೆಯಂಥ ಹುಳ ಹೊರಗೆ ಬಂದರೆ, ಕುರಿ ಕೆರೆ ಅಂಚಿನ ಜೌಗಿನಲ್ಲಿ ಮೇಯ್ದಿದೆ ಅಂತ ತಿಳಿಯಿರಿ. ಆ ಎರಡೂ ನೀರಿನ ಬಸವನಹುಳುವಿನ ಮೂಲಕ ಬರುವಂಥವು. ಎಲೆಹುಳ ಬಿದ್ದ ಈಲಿ ಗಟ್ಟಿಯಾಗಿ ಕೊಳವೆಗಳು ದಪ್ಪವಾಗಿರುತ್ತವೆ, ಅದನ್ನು ಅಡಿಗೆಗೆ ಹಾಕಬೇಡಿ. ಸಣ್ಣ ಕರುಳಲ್ಲಿ ಬಿಳೀ ಲಾಡಿಯ ಹಾಗೆ ಮಾರುದ್ದದ ಹುಳ ಸಾಮಾನ್ಯವಾಗಿ ಮರಿಗಳಲ್ಲಿ. ದೊಡ್ಡ ಕರುಳಿನ ಗೋಡೆಯಲ್ಲಿ ಬಟಾಣಿ ಗಾತ್ರದ ಗಂಟು ಗಂಟು ಇದ್ದರೆ ಅದೂ ಒಂದು ಹುಳದ ಗುರುತೇ. ಅಂಥ ಕರುಳನ್ನು ಎಷ್ಟು ಉಜ್ಜಿದರೂ ಗಂಟು ಹೋಗಲ್ಲ, ಆ ತುಂಡು ತೆಗೆದುಬಿಡಿ. ಇವುಗಳಲ್ಲಿ ಯಾವುದೂ ಚೆನ್ನಾಗಿ ಬೇಯಿಸಿ ತಿಂದವರಿಗೆ ತೊಂದರೆ ಮಾಡುವುದಿಲ್ಲ. ತೊಂದರೆ ರೊಪ್ಪದಲ್ಲಿ ಉಳಿದ ಕುರಿಗಳಿಗೆ.

ನೀರುಗುಳ್ಳೆ

ಅದೇ ದಿನ ಈಲಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಬಿಳೀ ಗುಳ್ಳೆ ಇತ್ತು. ಶ್ವಾಸಕೋಶದಲ್ಲಿ ಇನ್ನೆರಡು. ಒತ್ತಿದರೆ ಒಳಗೆ ನೀರು. ಇಂಥದ್ದನ್ನು ಎಷ್ಟೋ ಸಲ ನೋಡಿದ್ದೆ. ಆ ಭಾಗ ಕತ್ತರಿಸಿದೆ, ಎದುರಿಗೆ ಬಾಲ ಅಲ್ಲಾಡಿಸುತ್ತಾ ಕೂತಿದ್ದ ನಾಯಿಗೆ ಎಸೆದೆ. ಅಪ್ಪನೂ ಹಾಗೇ ಎಸೆಯುತ್ತಿದ್ದರು.

ಅದಕ್ಕೂ ಮುಂಚೆ, 2017ರಲ್ಲಿ, ವರ್ಷ ತುಂಬದ ನಾಲ್ಕು ಕುರಿ ಒಂದೇ ಕಡೆಗೆ ತಲೆ ವಾಲಿಸಿ ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಬಿದ್ದಿದ್ದವು. ಒಂದಕ್ಕೆ ಕಣ್ಣೂ ಕಾಣುತ್ತಿರಲಿಲ್ಲ. ದೃಷ್ಟಿ ತೆಗೆಸಿದೆವು, ಬರೆ ಹಾಕಿದೆವು. ಕೊನೆಗೆ ಕುಯ್ದಾಗ ರೋಗದ ತಲೆ ಅಂತ ನಾವು ತಿನ್ನಲಿಲ್ಲ. ನಾಯಿಗೆ ಹಾಕಿದೆವು. ತಲೆ ಒಡೆದಾಗ ಮಿದುಳಿನ ಪಕ್ಕ ಕೋಳಿಮೊಟ್ಟೆಯಷ್ಟು ನೀರಿನ ಚೀಲ ಇದ್ದದ್ದು ಕಂಡಿತ್ತು. ಮಾರನೇ ವರ್ಷ ಮತ್ತೆ ಮೂರು ಸುತ್ತಿದವು.

ಹೊಸತೊಡಕಾದ ಮೂರು ತಿಂಗಳಿಗೆ ಅತ್ತಿಗೆಯ ಹೊಟ್ಟೆನೋವು ತಡೆಯಲಾಗದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗ್ಯಾಸ್ಟ್ರಿಕ್ ಅಂತ ಊರ ಕಡೆ ಎರಡು ವರ್ಷ ಮಾತ್ರೆ ನುಂಗಿದ್ದರು. ಸ್ಕ್ಯಾನ್ ಮಾಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಕುರಿ ಇದೆಯಾ? ನಾಯಿ ಇದೆಯಾ?" ಅಂತ. ಈಲಿಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ನೀರುಗುಳ್ಳೆ. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಮಾತ್ರೆ. ಒಳಗೆ ಒಡೆದಿದ್ದರೆ ಜೀವಕ್ಕೇ ಅಪಾಯ ಇತ್ತು ಅಂದರು. ಖರ್ಚಿಗೆ ಹದಿನಾಲ್ಕು ಕುರಿ ಮಾರಿದೆವು. ಅತ್ತಿಗೆ ಉಳಿದರು.

ಆಮೇಲೆ ನಮ್ಮ ತಾಲ್ಲೂಕಿನ ಪಶುವೈದ್ಯರ ಹತ್ತಿರ ಕೂತು ಇಡೀ ಕತೆ ಕೇಳಿಸಿಕೊಂಡೆ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ.

ಆ ನೀರುಗುಳ್ಳೆ ಒಂದು ಹುಳದ ಮರಿ ಮನೆ. ಗುಳ್ಳೆ ಇರುವ ಹಸೀ ಈಲಿ, ಶ್ವಾಸಕೋಶ ನಾಯಿ ತಿಂದರೆ ನಾಯಿಯ ಕರುಳಲ್ಲಿ ಮರಿಗಳು ದೊಡ್ಡ ಹುಳ ಆಗುತ್ತವೆ. ದೊಡ್ಡದು ಅಂದರೆ ಅರ್ಧ ಸೆಂಟಿಮೀಟರ್ ಅಷ್ಟೇ, ಅಕ್ಕಿಕಾಳಿಗಿಂತ ಚಿಕ್ಕದು. ನಾಯಿಗೆ ಅದರಿಂದ ಏನೂ ಆಗಲ್ಲ, ಗುಂಡಗೇ ಇರುತ್ತೆ. ಆರೇಳು ವಾರ ಕಳೆದರೆ ನಾಯಿಯ ಕಕ್ಕಸಿನಲ್ಲಿ ಹುಳದ ಮೊಟ್ಟೆ ಬೀಳಲು ಶುರು. ಕಣ್ಣಿಗೆ ಕಾಣದಷ್ಟು ಸಣ್ಣವು. ಅದು ಬಿದ್ದ ಹುಲ್ಲನ್ನು ಕುರಿ ಮೇಯ್ದರೆ ಕುರಿಯ ಈಲಿಯಲ್ಲಿ ಗುಳ್ಳೆ. ನಾಯಿಯ ಮೈ ಸವರಿದ ಕೈಯಲ್ಲಿ ಊಟ ಮಾಡಿದರೆ, ಆ ಮಣ್ಣು ಹತ್ತಿದ ಸೊಪ್ಪು, ಮೂಲಂಗಿ ಹಸಿಯಾಗಿ ತಿಂದರೆ ನಮ್ಮ ಈಲಿಯಲ್ಲಿ ಗುಳ್ಳೆ. ಮೊಟ್ಟೆ ನೆರಳು ತೇವ ಇರುವ ಕಡೆ ತಿಂಗಳುಗಟ್ಟಲೆ ಬದುಕಿರುತ್ತೆ. ಮಿದುಳಿನ ಚೀಲದ ಹುಳ ಬೇರೆ ಜಾತಿ, ಆದರೆ ದಾರಿ ಅದೇ: ಕುರಿಯ ತಲೆಯಿಂದ ನಾಯಿಗೆ, ನಾಯಿಯಿಂದ ಹುಲ್ಲಿಗೆ, ಹುಲ್ಲಿನಿಂದ ಇನ್ನೊಂದು ಕುರಿಯ ತಲೆಗೆ. ಜಾಲರಿ ಕೊಬ್ಬಿನಲ್ಲಿ ಜೋತು ಬೀಳುವ, ಒಳಗೊಂದು ಬಿಳೀ ಚುಕ್ಕೆ ಇರುವ ತೆಳು ನೀರಿನ ಚೀಲವೂ ಹೀಗೇ ನಾಯಿಯದೇ.

ನನಗೆ ಬೆರಗಾದದ್ದು ಇದು. ಗುಳ್ಳೆ ಇದ್ದ ಈಲಿಯನ್ನು ನಾವು ತಿಂದರೂ ಈ ರೋಗ ನಮಗೆ ಬರುವುದಿಲ್ಲ. ನಾಯಿ ತಿಂದರೆ ನಮಗೆ ಬರುತ್ತದೆ. ನಾವು ಅಸಹ್ಯಪಟ್ಟು ದೂರ ಎಸೆಯುವುದೇ ತಪ್ಪು.

"ಹೊಸತೊಡಕಿಗೆ ಎಸೆದ ಗುಳ್ಳೆಯಿಂದ ಅತ್ತಿಗೆಗೆ ಹೀಗಾಯಿತಾ ಸಾರ್?" ಅಂದೆ. "ಇಲ್ಲಪ್ಪ, ಅಷ್ಟು ದೊಡ್ಡದಾಗೋಕೆ ವರ್ಷಗಟ್ಟಲೆ ಬೇಕು. ನಿಮ್ಮ ನಾಯಿಯಿಂದಲೇ ಅಂತಲೂ ಹೇಳೋಕಾಗಲ್ಲ" ಅಂದರು. ಸ್ವಲ್ಪ ಸಮಾಧಾನ ಆಯಿತು. ಮನೆಗೆ ಬರುವಷ್ಟರಲ್ಲಿ ಅದೂ ಹೋಯಿತು. ಆ ವರ್ಷಗಳಲ್ಲೂ ಎಸೆದವರು ನಾನು, ನಮ್ಮಣ್ಣ. ರೊಪ್ಪ ಗುಡಿಸಿ, ನಾಯಿಗೆ ಅನ್ನ ಹಾಕಿ, ಅದರ ಮೈ ಉಣ್ಣೆ ಕಿತ್ತವರು ಅತ್ತಿಗೆ.

ಅದೇ ಡಾಕ್ಟರು ಇನ್ನೊಂದು ಸಂಗತಿ ಹೇಳಿದರು. ಐಸ್‌ಲ್ಯಾಂಡ್ ಅಂತ ಒಂದು ಚಳಿ ದೇಶ, ಅಲ್ಲೂ ಕುರಿ ಸಾಕುವವರೇ. ನೂರೈವತ್ತು ವರ್ಷದ ಹಿಂದೆ ಅಲ್ಲಿ ಈ ಗುಳ್ಳೆರೋಗ ಬಹಳ ಇತ್ತು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಅನ್ನುವವರು 1863ರಲ್ಲಿ ಅಲ್ಲಿಗೆ ಹೋಗಿ ನಾಯಿ ಕುಯ್ದು ನೋಡಿ, ರೋಗ ಹೇಗೆ ಹರಡುತ್ತೆ ಅಂತ ರೈತರಿಗೆ ತಿಳಿಯುವ ಹಾಗೆ ಒಂದು ಚಿಕ್ಕ ಪುಸ್ತಕ ಬರೆದರಂತೆ. 1864ರಲ್ಲಿ ಅದನ್ನು ಮನೆಮನೆಗೆ ಹಂಚಿದರು. ಆಗ ಈಗಿನ ಮಾತ್ರೆ ಇರಲಿಲ್ಲ, ಸ್ಕ್ಯಾನ್ ಇರಲಿಲ್ಲ. ರೈತರು ಓದಿ, ಗುಳ್ಳೆಯನ್ನು ನಾಯಿಗೆ ಸಿಗದ ಹಾಗೆ ಹೂಳಲು, ಸುಡಲು ಶುರು ಮಾಡಿದರು. ಕ್ರಮೇಣ ರೋಗ ಆ ದೇಶದಿಂದಲೇ ಹೋಯಿತು.

ನಾಯಿಯ ಪಾಲು

ಹೂಳಿದರೆ ಸಾಕಲ್ಲ ಅನ್ನಬಹುದು. ನಮ್ಮ ದೊಡ್ಡಪ್ಪ ಒಪ್ಪಲಿಲ್ಲ. "ರಾತ್ರಿಯೆಲ್ಲ ರೊಪ್ಪ ಕಾಯೋದು ಅದು. ಹಬ್ಬದ ದಿನ ಅದಕ್ಕೊಂದು ತುಂಡು ಹಾಕ್ದೆ ನೀನು ಹೆಂಗೆ ಮುದ್ದೆ ಮುರೀತೀಯ?" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ತೋಳ, ಚಿರತೆ ಬಂದಾಗ ಮೊದಲು ಬೊಗಳುವುದು ಅದೇ.

ದಾರಿ ಹುಡುಕಿದ್ದು ನನ್ನ ಹೆಂಡತಿ. ನಾಯಿಯ ಪಾಲು ನಾಯಿಗೇ, ಆದರೆ ಬೇಯಿಸಿ. ನೀರು ಕಾಯಿಸುವ ಹಳೇ ಹಂಡೆಯೊಂದನ್ನು ಅದಕ್ಕೇ ಬಿಟ್ಟಿದ್ದೇವೆ. ಗುಳ್ಳೆ ಇರಲಿ ಇಲ್ಲದಿರಲಿ, ನಾಯಿಗೆ ಅಂತ ತೆಗೆದ ಈಲಿ, ಶ್ವಾಸಕೋಶ, ತಲೆಯ ಚೂರು, ಎಲ್ಲವನ್ನೂ ಸಣ್ಣ ತುಂಡು ಮಾಡಿ, ನೀರು ಕುದಿಯಲು ಶುರುವಾದ ಮೇಲೆ ಮುಕ್ಕಾಲು ಗಂಟೆ ಬೇಯಿಸುತ್ತೇವೆ. ದೊಡ್ಡ ತುಂಡಾದರೆ ಒಳಗೆ ಬೇಯಲ್ಲ. ಶ್ವಾಸಕೋಶ ತೇಲುತ್ತೆ, ಮೇಲೊಂದು ಕಲ್ಲು ಇಡಬೇಕು. ರಾಗಿ ನುಚ್ಚು ಹಾಕಿದರೆ ಅದಕ್ಕೆ ಎರಡು ಹೊತ್ತಿನ ಊಟ. ಸೌದೆ ಇಲ್ಲದ ದಿನ ಮೂರಡಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಮೇಲೆ ಚಪ್ಪಡಿ ಎಳೆಯುತ್ತೇವೆ. ಬರೀ ಮಣ್ಣು ಮುಚ್ಚಿದರೆ ರಾತ್ರಿ ಕೆದಕುತ್ತವೆ, ಒಂದು ಸಲ ಮೋಸ ಹೋಗಿದ್ದೇನೆ. ಬೋಟಿ ತೊಳೆಯುವಾಗ, ತಲೆ ಒಡೆಯುವಾಗ ನಾಯಿಯನ್ನು ಕಟ್ಟಿಹಾಕುವುದು ಮೊದಲ ಕೆಲಸ.

ಮಾತ್ರೆಯೂ ಬೇಕು. ನಾಯಿಗೆ ಕೊಡುವ ಎಲ್ಲಾ ಜಂತಿನ ಮಾತ್ರೆಗೂ ಈ ಹುಳ ಸಾಯುವುದಿಲ್ಲ. ಪ್ರಾಜಿಕ್ವಾಂಟೆಲ್ ಅನ್ನುವ ಔಷಧಿ ಇರುವ ಮಾತ್ರೆಯೇ ಆಗಬೇಕು, ಪೊಟ್ಟಣದ ಮೇಲೆ ಓದಿ ಕೊಳ್ಳಿ. ನಾಯಿಯ ತೂಕ 10 ಕೆಜಿಗೆ ಆ ಔಷಧಿ 50 ಮಿಲಿಗ್ರಾಂ ಲೆಕ್ಕ. ನಮ್ಮ ನಾಯಿ 20 ಕೆಜಿ ಇದೆ, ಅದಕ್ಕೆ 100. ಆರು ವಾರಕ್ಕೊಮ್ಮೆ ಕೊಟ್ಟರೆ ಹುಳ ಮೊಟ್ಟೆ ಇಡುವುದರೊಳಗೆ ಸಾಯುತ್ತೆ. ಆಗದಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ತಪ್ಪಿಸಬೇಡಿ. ಕೊಟ್ಟ ಮೇಲೆ ಎರಡು ದಿನ ಕಟ್ಟಿಹಾಕಿ, ಅದರ ಕಕ್ಕಸನ್ನು ಸುಡಬೇಕು ಇಲ್ಲವೇ ಆಳಕ್ಕೆ ಹೂಳಬೇಕು. ಮಾತ್ರೆ ಹುಳವನ್ನು ಕೊಲ್ಲುತ್ತೆ, ಮೊಟ್ಟೆಯನ್ನಲ್ಲ. ನಾಯಿ ಮುಟ್ಟಿದ ಮೇಲೆ, ರೊಪ್ಪ ಗುಡಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಕ್ಕಳು ಬೇಗ ಕಲಿತರು, ನಾನೇ ನಿಧಾನ.

ಹಟ್ಟಿಯ ಹೊಸತೊಡಕಿಗೆ ಗುಡ್ಡೆ ಬಾಡು ಹಾಕುವ ಜಾಗದಲ್ಲಿ ಈಗ ಮುಚ್ಚಳದ ಡ್ರಮ್ಮೊಂದು ಇಡುತ್ತೇವೆ. ಗುಳ್ಳೆ ಬಂದದ್ದೆಲ್ಲ ಅದಕ್ಕೆ. ಮೊದಲ ವರ್ಷ ನಗಾಡಿದರು. ಅತ್ತಿಗೆ ಸೆರಗು ಸರಿಸಿ ಹೊಟ್ಟೆಯ ಹೊಲಿಗೆ ಗುರುತನ್ನು ಹೆಂಗಸರಿಗೆ ತೋರಿಸಿದ ಮೇಲೆ ಮನೆಮನೆಯಲ್ಲಿ ಮಾತು ನಡೆಯಿತು. ರಸ್ತೆ ಬದಿಯ ಭಾನುವಾರದ ಅಂಗಡಿಯದೇ ತಲೆನೋವು. ಅಲ್ಲಿ ಏಳೆಂಟು ಬೀದಿನಾಯಿ ಸಾಲಾಗಿ ಕೂತಿರುತ್ತವೆ. ಅಂಗಡಿಯವನಿಗೆ ಎರಡು ಸಲ ಹೇಳಿದ್ದೇನೆ. ಒಂದು ವಾರ ಗುಂಡಿಗೆ ಹಾಕುತ್ತಾನೆ, ಒಂದು ವಾರ ಎಸೆಯುತ್ತಾನೆ. ಆ ನಾಯಿಗಳು ನಮ್ಮ ಹೊಲದ ಬದುವಿನ ಮೇಲೇ ಓಡಾಡುತ್ತವೆ.

2020ರಿಂದ ಈಚೆಗೆ ನಮ್ಮ ರೊಪ್ಪದಲ್ಲಿ ಸುತ್ತಿದ ಕುರಿ ಒಂದೇ, ಅದೂ ಸಂತೆಯಿಂದ ತಂದದ್ದು. ಈಲಿಯ ಗುಳ್ಳೆ ಪೂರಾ ನಿಂತಿಲ್ಲ, ವಯಸ್ಸಾದ ಕುರಿಗಳಲ್ಲಿ ಇನ್ನೂ ಕಾಣುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ನಾಯಿಗೆ ಮಾತ್ರೆ ಕೊಟ್ಟ ದಿನಕ್ಕೆ ಒಂದು ಸುತ್ತು. ಕುರಿ ಕುಯ್ದ ದಿನ ಬೋಟಿಯಲ್ಲಿ ಏನು ಕಂಡಿತು ಅಂತ ನನ್ನ ಹೆಂಡತಿ ಹೇಳುತ್ತಾಳೆ, ನಾನು ಆ ತಾರೀಖಿನ ಕೆಳಗೆ ಬರೆಯುತ್ತೇನೆ. ಹೋದ ತಿಂಗಳದ್ದು: "ದಾರದ ಹುಳ ಸ್ವಲ್ಪ. ಗಂಟು ಇಲ್ಲ. ಶ್ವಾಸಕೋಶದಲ್ಲಿ ಗುಳ್ಳೆ ಒಂದು, ಹಂಡೆಗೆ ಹಾಕಿದೆ."